ರೊಟ್ಟಿ ಹಿಟ್ಟಿಗೆ ಕೊಟ್ಟ ಝಟಕಾ

ಒಂದು ಕಾಲಕ್ಕೆ ಸಂಗನಪೇಟೆಯ ಹೆಂಗಸರ ಕೊರಳಲ್ಲಿ ಗುಲಗಂಜಿಯಷ್ಟೂ ಬಂಗಾರ ಇರಲಿಲ್ಲ, ಗಂಡಸರ ಎದೆಯಲ್ಲಿ ಮಾತ್ರ ಪ್ಲಾಟಿನಂ ಇತ್ತು. ನಂಬದವರು ಅಲ್ಲಿಯ ಹಳೆಯ ಸ್ಮಶಾನ ಅಗೆದು ನೋಡಲಿ.

ಅದು ನೇಕಾರರ ಊರು. ಮಗ್ಗದ ಸದ್ದು ನಿಂತಿತೋ ಇಲ್ಲವೋ, ಗಂಡಸರಿಗೆ ಬಾಯಾರಿಕೆ ಶುರು. ಆ ಊರಿನ ಸಾರಾಯಿ ಎಂಥದು ಅಂದರೆ, ನೆಲಕ್ಕೆ ಒಂದು ಹನಿ ಚೆಲ್ಲಿದರೆ ನೆಲಹಾಸಿನ ಪರ್ಸಿ ಕಲ್ಲು ಕೆಮ್ಮುತ್ತಿತ್ತು. ಅದನ್ನು ಕುಡಿದು ಕುಡಿದು ಅರ್ಧ ಊರಿನ ಲಿವರ್ ಕಲ್ಲಾಗಿತ್ತು. ನಾವು ತಿಂದ ಬೇಳೆ, ತತ್ತಿ, ಮಾಂಸ ಹೊಟ್ಟೆಯೊಳಗೆ ಕರಗುವಾಗ ಅಮೋನಿಯಾ ಹುಟ್ಟುತ್ತದೆ. ಬಸ್ ನಿಲ್ದಾಣದ ಮೂತ್ರಿಯಲ್ಲಿ ಮೂಗಿಗೆ ಹೊಡೆಯುತ್ತದಲ್ಲ, ಅದೇ. ಲಿವರ್ ನೆಟ್ಟಗಿದ್ದರೆ ಅದರ ಕುತ್ತಿಗೆ ಹಿಡಿದು ಮೂತ್ರದ ದಾರಿಗೆ ದಬ್ಬುತ್ತದೆ. ಲಿವರ್ ಸತ್ತವನಲ್ಲಿ ಅದು ರಕ್ತ ಹಿಡಿದು ನೆತ್ತಿಗೆ ಏರುತ್ತದೆ. ಆಮೇಲೆ ಮನುಷ್ಯ ಅಂಗಿಯ ತೋಳಿನಲ್ಲಿ ಕಾಲು ತೂರಿಸುತ್ತಾನೆ. ಕೈ ಚಾಚು ಅಂದರೆ ಅಂಗೈ ಕಾಗೆಯ ರೆಕ್ಕೆಯ ಹಾಗೆ ಬಡಿದುಕೊಳ್ಳುತ್ತದೆ. ಕೊನೆಗೊಂದು ದಿನ ಮಲಗಿದವನು ಏಳುವುದಿಲ್ಲ.

ಇಂಥ ಊರನ್ನೇ ಹುಡುಕಿಕೊಂಡು ಡಾಕ್ಟರ್ ಸುಲಭಾ ದೇಸಾಯಿ ಬಂದರು, ಊರಿಗೆ ಅವರು ಸುಲಭಾ ಬಾಯಿ. ಹಳೆಯ ನೂಲಿನ ಗೋದಾಮಿನಲ್ಲಿ ರಕ್ತಶುದ್ಧಿ ಸಂಶೋಧನಾ ಕೇಂದ್ರ ತೆರೆದರು. ಉಗುರಿನಷ್ಟು ಅಗಲದ ಪ್ಲಾಟಿನಂ ಪ್ಲೇಟನ್ನು ಕಾಲರ್ ಮೂಳೆಯ ಕೆಳಗೆ ಕೂಡಿಸಿದರೆ, ಅದರ ಮೇಲೆ ಹರಿದುಹೋಗುವ ರಕ್ತದ ಅಮೋನಿಯಾವನ್ನು ಅದೇ ಸುಟ್ಟುಹಾಕುತ್ತದೆ, ಒಂದಿಷ್ಟೇ ಕರೆಂಟ್ ಸಾಕು ಎಂದರು. ಬೋರ್ಡಿನ ಮೇಲೆ ಚಿತ್ರ ಬರೆದು, ಓಣಿಯ ಹೆಂಗಸರನ್ನೆಲ್ಲ ಕೂಡಿಸಿ ತಿಳಿಸಿ ಹೇಳಿದರು. ಯಾರಿಗೂ ಏನೂ ತಿಳಿಯಲಿಲ್ಲ. ಮರುದಿನ ನಳದ ಕಟ್ಟೆಯ ಮೇಲೆ ಅದೇ ಓಣಿಯ ಇಮಾಂಬಿ ಅದನ್ನೇ ಕೋಳಿಯ ಲೆಕ್ಕದಲ್ಲಿ ಹೇಳಿದಳು, ಎಲ್ಲರಿಗೂ ತಿಳಿಯಿತು.

"ಅಮೋನಿಯಾ ಅಂದ್ರ ಮೂರ ಪುಕ್ಕದ ಕೋಳಿ ಅನಕೋರಿ. ಪ್ಲೇಟಿನ ಮ್ಯಾಲ ಬಂದ ಕುಂತಕೂಡ್ಲೇ ಪ್ಲೇಟ್ ಒಂದೊಂದ ಪುಕ್ಕ ಕೀಳತೈತಿ. ಅರ್ಧ ಪುಕ್ಕ ಇರೂದ್ರಾಗ ಎರಡ ಕೋಳಿ ಜೋಡಿ ಆದುವಂದ್ರ ಗಾಳಿ ಆಗಿ ಹಾರಿಹೋಗ್ತಾವ. ನಾವು ಉಸಿರಾಡ್ತೀವಲ್ಲ, ಅದೇ ಗಾಳಿ. ಪೂರಾ ಬತ್ತಲಾದ ಕೋಳಿ ಎಲ್ಲಿಗೆ ಹೋಗಬೇಕ? ನಾಚಿಕೊಂಡು ಅಲ್ಲೇ ಕೂಡತೈತಿ. ಹಂಗ ಕುಂತು ಕುಂತು ಪ್ಲೇಟ್ ತುಂಬತೈತಿ. ಹೊಸಾ ಕೋಳಿಗೆ ಜಾಗ ಇಲ್ಲ. ಪ್ಲೇಟ್ ಮಲಗ್ತು ಅಂತ ತಿಳಕೋರಿ."

"ಆಮ್ಯಾಲ?"

"ಆಮ್ಯಾಲ ಝಟಕಾ!"

ಝಟಕಾ ಕೊಡುವುದು ಹೆಂಡಂದಿರ ಕೆಲಸ. ಕಡ್ಡಿಪೆಟ್ಟಿಗೆಯಷ್ಟು ದೊಡ್ಡ ಯಂತ್ರವನ್ನು ಬೆಳಿಗ್ಗೆ ಗಂಡ ಮಲಗಿದ್ದಾಗಲೇ ಎದೆಗೆ ಒತ್ತಿ, ಗುಂಡಿ ಅದುಮಬೇಕು. ಜೋರು ಕರೆಂಟ್ ಒಳಗೆ ಹೋಗಿ ಬತ್ತಲೆ ಕೋಳಿಗಳನ್ನು ಸುಟ್ಟು ಎಬ್ಬಿಸುತ್ತದೆ. ಹಸಿರು ದೀಪ ಹತ್ತಿದರೆ ಮುಗಿಯಿತು. ಝಟಕಾ ಬಿತ್ತೆಂದು ಯಂತ್ರ ತಾನೇ ಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತದೆ, ಪ್ಲೇಟ್ ತನ್ನ ಸುದ್ದಿಯನ್ನು ಬೇರೆಯಾಗಿ ಕಳಿಸುತ್ತದೆ. ಅಲ್ಲಿ ಕಂಟ್ರೋಲ್ ರೂಮಿನ ಗೋಡೆಯ ಮೇಲೆ ಒಬ್ಬೊಬ್ಬ ಗಂಡನಿಗೆ ಒಂದೊಂದು ಗೆರೆ. ಗೆರೆ ಮೇಲಿದ್ದರೆ ಪ್ಲೇಟ್ ಎಚ್ಚರ, ನೆಲಕ್ಕಿಳಿದರೆ ನಿದ್ದೆ.

ಸಾಯಬೇಕಾದವರೆಲ್ಲ ಎದ್ದು ಕುಳಿತರು. ಎದ್ದವರು ಸೀದಾ ಸಾರಾಯಿ ಅಂಗಡಿಗೆ ಹೋದರು. ಲಿವರ್ ಇಲ್ಲದಿದ್ದರೇನು, ಪ್ಲೇಟ್ ಇದೆಯಲ್ಲ!

ಇಮಾಂಬಿಯ ಓಣಿಯವಳೇ ಆದ ಕಾಶವ್ವನ ಗಂಡ ರಾಚಪ್ಪನಿಗೂ ಪ್ಲೇಟ್ ಕೂಡಿಸಿದ್ದರು. ರಾಚಪ್ಪ ಕುಪ್ಪಸದ ಖಣ ನೇಯುವುದರಲ್ಲಿ ಊರಿಗೇ ಒಂದು ಕೈ ಮೇಲು, ಹೆಂಡತಿಯನ್ನು ಹೊಡೆಯುವುದರಲ್ಲೂ ಒಂದು ಕೈ ಮೇಲು. ಊಟಕ್ಕೆ ಮೊದಲು ಹೊಡೆದರೆ ರೊಟ್ಟಿ ಗಟ್ಟಿ ಎಂಬ ನೆಪ, ಊಟವಾದ ಮೇಲೆ ಹೊಡೆದರೆ ಮೆತ್ತಗೆ ಎಂಬ ನೆಪ. ಕಾಯಿಲೆ ಬಿದ್ದು ಹಾಸಿಗೆ ಹಿಡಿದಾಗ ಕಾಶವ್ವನಿಗೆ ಸ್ವಲ್ಪ ಬಿಡುವು ಸಿಕ್ಕಿತ್ತು. ಪ್ಲೇಟ್ ಬಂದು ಅದನ್ನೂ ಕಿತ್ತುಕೊಂಡಿತು. ಪ್ರತಿ ಮುಂಜಾನೆ ತನ್ನ ಕೈಯಾರೆ ಗುಂಡಿ ಒತ್ತಿ, ಹೊಡೆಯುವವನನ್ನು ಎಬ್ಬಿಸುವುದು. ಇಂಥ ಕೆಲಸ ಯಾವ ಶತ್ರುವಿಗೂ ಬೇಡ.

ಒಂದು ದಿನ ಅವನು ಮಗ್ಗದ ಲಾಳಿ ಎಸೆದ. ಅದು ಅವಳ ಹೆಬ್ಬೆರಳಿಗೆ ಬಡಿದು ಬೆರಳು ಬದನೆಕಾಯಿಯಾಯಿತು. ಮರುದಿನ ಬೆಳಿಗ್ಗೆ ಗುಂಡಿ ಅದುಮಲು ಆಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ರಾಚಪ್ಪನ ಬಾಯಿಂದ ಕೊಳೆತ ಹಣ್ಣಿನ ವಾಸನೆ ಬರತೊಡಗಿತು. ಸಂಜೆ ಅವನು ಒಲೆಯ ಮುಂದೆ ಬಂದು ಕುಕ್ಕರಗಾಲಲ್ಲಿ ಕುಳಿತ. ಕಾಶವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ತಲೆಗೆ ಕೈ ಅಡ್ಡ ಹಿಡಿದಳು.

"ಇದು ಯಾರ ಮನಿ ಯಕ್ಕಾ?" ಎಂದು ಕೇಳಿದ.

ಅವಳು ತಲೆಯ ಮೇಲಿನ ಕೈ ಇಳಿಸಿ ಮತ್ತೆ ರೊಟ್ಟಿ ಬಡಿಯತೊಡಗಿದಳು.

"ಎಷ್ಟ ತೆಳ್ಳಗ ಬಡಿತೀಯಬೇ ರೊಟ್ಟಿ! ನಿನ್ನ ಗಂಡ ಪುಣ್ಯಾ ಮಾಡ್ಯಾನ." ಬೆರಳು ನೋಡಿ ಅವನ ಮುಖ ಚಿಕ್ಕದಾಯಿತು. "ಇದೇನಾತು? ಯಾವ ಸೂಳಿಮಗ ಮಾಡಿದ ಇದನ್ನ?"

"ಅದಾನ ಒಬ್ಬಾಂವ," ಎಂದಳು ಕಾಶವ್ವ.

"ಅವನ ಕೈ ಸೇದಿಹೋಗಲಿ," ಎಂದು ರಾಚಪ್ಪ ಶಾಪ ಹಾಕಿ, ಊದುಗೊಳವೆ ತೆಗೆದುಕೊಂಡು ಒಲೆ ಊದಿದ. ಕಾಶವ್ವ ಮೊದಲು ಹೆದರಿದಳು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ಹೊಟ್ಟೆ ಹಿಡಿದು ನಕ್ಕಳು.

ಅಲ್ಲಿಂದ ಶುರುವಾಯಿತು. ಆದರೆ ಬರೀ ಗುಂಡಿ ಒತ್ತದಿದ್ದರೆ ಕೇಂದ್ರದಿಂದ ಫೋನ್ ಬರುತ್ತದೆ. ಯಂತ್ರವನ್ನು ಗೋಡೆಗೆ ಒತ್ತಿದಳು, ಕೆಂಪು ದೀಪ. ಕೊಡಕ್ಕೆ ಒತ್ತಿದಳು, ಕೆಂಪು. ಒಂದು ದಿನ ಬಿಸಿನೀರಿನಲ್ಲಿ ಉಪ್ಪು ಹಾಕಿ ಕಲಸಿಟ್ಟ ಜೋಳದ ಹಿಟ್ಟಿನ ಮುದ್ದೆಗೆ ಒತ್ತಿದಳು. ಮನುಷ್ಯನ ಎದೆಯಷ್ಟೇ ಬೆಚ್ಚಗೆ, ಅಷ್ಟೇ ಹಸಿ, ಅಷ್ಟೇ ಉಪ್ಪು. ಹಸಿರು ದೀಪ ಜಗ್ಗನೆ ಹತ್ತಿತು! ಅವತ್ತಿನಿಂದ ಝಟಕಾ ಹಿಟ್ಟಿಗೆ, ರೊಟ್ಟಿ ಗಂಡನಿಗೆ.

ನಳದ ಕಟ್ಟೆಯಲ್ಲಿ ಮಾತು ಎಷ್ಟು ದಿನ ಮುಚ್ಚಿಟ್ಟರೂ ಬಾಯಿಗೆ ಬಂದೇ ಬರುತ್ತದೆ. ಕಾಶವ್ವನ ಮೈಮೇಲೆ ಹೊಸ ಬಾಸುಂಡೆ ಇಲ್ಲದ್ದನ್ನು ಇಮಾಂಬಿ ಮೊದಲು ನೋಡಿದಳು. ವಿಷಯ ತಿಳಿದ ವಾರದೊಳಗೆ ಓಣಿಯ ಅರ್ಧ ಮನೆಗಳ ಹಿಟ್ಟಿಗೆ ಝಟಕಾ ಬೀಳತೊಡಗಿತು. ಹೆಂಗಸರು ಇದನ್ನೊಂದು ಅಡುಗೆಯ ಹಾಗೆ ಹದಕ್ಕೆ ತಂದರು. ಬೇಳೆ ಜಾಸ್ತಿ ಹಾಕಿದರೆ ಗಂಡ ಮೆತ್ತಗೆ. ಕೇಂದ್ರದವರು ಕೊಡುವ ಸಿಹಿ ಸಿರಪ್ ಕುಡಿಸಿದರೆ ಹೊಟ್ಟೆ ಸಡಿಲಾಗಿ ಅಮೋನಿಯಾ ಇಳಿದು ಗಂಡ ಚೂಪು.

"ಒಂದ ತತ್ತಿ ಕೊಟ್ರ ನಮ್ಮ ಮೌಲಾಲಿ ನನ್ನ ಬೇಗಂ ಅಂತಾನ," ಎಂದಳು ಇಮಾಂಬಿ. "ಎರಡ ಕೊಟ್ರ ಅವ್ವಾ ಅಂತಾನ."

"ಮೂರ ಕೊಟ್ರ?"

"ಮೂರ ಕೊಟ್ರ ದವಾಖಾನಿ."

ನೇಯ್ಗೆ ನಿಂತರೆ ಹೊಟ್ಟೆಗೆ ಇಲ್ಲ. ಅದಕ್ಕೇ ಹದಿನೈದು ದಿನಕ್ಕೊಮ್ಮೆ, ಮಗ್ಗಕ್ಕೆ ಹೊಸ ಎಳೆ ಬಿಗಿದು ಹಾಸು ಹಚ್ಚುವ ದಿನ, ಗಂಡನ ಎದೆಗೇ ಝಟಕಾ ಕೊಡಬೇಕಾಗುತ್ತಿತ್ತು. ಅವತ್ತು ಮಗ್ಗವೂ ನಡೆಯುತ್ತಿತ್ತು, ಕೈಯೂ ನಡೆಯುತ್ತಿತ್ತು. ಮಂಪರಿನಲ್ಲಿ ಆಡಿದ್ದು ಎಚ್ಚರವಾದ ರಾಚಪ್ಪನಿಗೆ ಒಂದಿಷ್ಟೂ ನೆನಪಿರುತ್ತಿರಲಿಲ್ಲ. ಕಾಶವ್ವ ಒದೆ ತಿನ್ನುತ್ತಲೇ ಮನಸ್ಸಿನಲ್ಲಿ ನಾಳೆಗೆ ಬೇಳೆ ನೆನೆಹಾಕುತ್ತಿದ್ದಳು.

ಇತ್ತ ಕೇಂದ್ರದಲ್ಲಿ ಸುಲಭಾ ಬಾಯಿ ಅನ್ನ ನೀರು ಬಿಟ್ಟಿದ್ದರು. ಝಟಕಾ ದಿನವೂ ಬಿದ್ದಿದೆ ಎನ್ನುತ್ತದೆ ಯಂತ್ರ. ಓಣಿಯ ಎಷ್ಟೋ ಪ್ಲೇಟುಗಳು ಮಾತ್ರ ಏಳುವುದಿಲ್ಲ, ಅದರಲ್ಲೂ ರಾಚಪ್ಪನದು. ಹದಿನೈದು ದಿನಕ್ಕೊಮ್ಮೆ ಎದ್ದು, ಮತ್ತೆ ಮಲಗುತ್ತದೆ. ಕಂಟ್ರೋಲ್ ರೂಮಿನ ಆಪರೇಟರ್ ಶ್ರೀಶೈಲ ಪರದೆ ಒರೆಸಿ ಒರೆಸಿ ನೋಡಿದ. "ಮೇಡಂ, ಈ ಮನಷ್ಯಾನ ರಕ್ತನ ಬ್ಯಾರೆ ಐತ್ರಿ," ಎಂದ.

ಬಾಯಿಯವರು ಯೋಚಿಸಿ ಯೋಚಿಸಿ ಒಂದು ಸಿದ್ಧಾಂತ ಹೊಸೆದರು. ಪ್ಲಾಟಿನಂನ ಮೈ ಕಣ್ಣಿಗೆ ನುಣುಪು ಕಂಡರೂ ಒಳಗೆ ಮೆಟ್ಟಿಲು, ಮೂಲೆ, ಕುಳಿ ಎಲ್ಲ ಇರುತ್ತವೆ. ಕೆಲವರ ರಕ್ತದಲ್ಲಿ ಬತ್ತಲೆ ಕೋಳಿ, ಅಂದರೆ ನೈಟ್ರೋಜನ್, ಆ ಕುಳಿಗಳಿಗೆ ಇಳಿದು ಅವಿತುಕೊಳ್ಳುತ್ತದೆ, ಝಟಕಾ ಅದನ್ನು ಮುಟ್ಟುವುದಿಲ್ಲ ಎಂದರು. ಅದಕ್ಕೆ 'ರಾಚಪ್ಪ ಪರಿಣಾಮ' ಎಂದು ಹೆಸರಿಟ್ಟು ದೂರದೇಶದ ಸಭೆಯಲ್ಲಿ ಓದಿದರು. ಬಿಳಿ ಗಡ್ಡದ ವಿಜ್ಞಾನಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಜೋಳದ ಹಿಟ್ಟಿಗೆ ಅಷ್ಟು ದೊಡ್ಡ ಸನ್ಮಾನ ಅದಕ್ಕೆ ಮೊದಲು ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಆ ಹಿಟ್ಟಿನ ಸಿದ್ಧಾಂತದ ಮೇಲೇ ಅವರು ಹೊಸ ಪ್ಲೇಟ್ ಮಾಡಿದರು. ಮೈತುಂಬ ಪಗಡೆ ದಾಳದಂಥ ಚೌಕ ಹರಳು, ಕುಳಿ ಒಂದೂ ಇಲ್ಲ. ಅದರ ಮೇಲೆ ಅಮೋನಿಯಾ ಬತ್ತಲಾಗುವ ಮೊದಲೇ ಜೋಡಿ ಸಿಕ್ಕು ಹಾರಿಹೋಗುತ್ತದೆ. ಒಂದೆರಡು ಉಳಿದರೂ ಪ್ಲೇಟೇ ತನಗೆ ತಾನು ಸಣ್ಣ ಸಣ್ಣ ಝಟಕಾ ಕೊಟ್ಟುಕೊಳ್ಳುತ್ತದೆ. ಯಂತ್ರ ಬೇಡ, ಗುಂಡಿ ಬೇಡ, ಹೆಂಡತಿ ಬೇಡ.

ಅಷ್ಟರಲ್ಲಿ ಹಿಂದಿನ ಓಣಿಯ ದ್ಯಾಮವ್ವ ಹದ ತಪ್ಪಿದಳು. ಅವಳ ಗಂಡ ಎಷ್ಟು ಒಳ್ಳೆಯವನಾಗಿದ್ದ ಎಂದರೆ, ಆ ಒಳ್ಳೆಯತನದ ಆಸೆಗೆ ಅವಳು ಹಾಸು ಹಚ್ಚುವ ದಿನವೂ ಹಿಟ್ಟಿಗೇ ಒತ್ತಿದಳು. ಒಂದು ಮುಂಜಾನೆ ಅವನು ಏಳಲಿಲ್ಲ. ದ್ಯಾಮವ್ವ ನೆಲಕ್ಕೆ ಹಣೆ ಚಚ್ಚಿಕೊಂಡು ಅತ್ತಳು. ಹೊಡೆಯುವ ಗಂಡ ಸತ್ತಿದ್ದರೆ ಅಷ್ಟು ಅಳುತ್ತಿರಲಿಲ್ಲ. ಕೇಂದ್ರದವರು 'ಪ್ಲೇಟ್ ಕೈಕೊಟ್ಟಿತು' ಎಂದರು. ಇನ್ನು ತಡ ಮಾಡಬಾರದು, ಹೊಸ ಪ್ಲೇಟ್ ಹಾಕಬೇಕು, ಎಲ್ಲರಿಗಿಂತ ಹಟಮಾರಿ ಪ್ಲೇಟ್ ರಾಚಪ್ಪನದು, ಅವನಿಗೇ ಮೊದಲು ಎಂದು ಹೇಳಿಕಳಿಸಿದರು.

ದೊಡ್ಡವರ ಮುಂದೆ ಗಂಡ ಅಂಗಿಯಲ್ಲಿ ಕಾಲು ತೂರಿಸುವುದು ಬೇಡ ಎಂದು ಕಾಶವ್ವ ಅವತ್ತು ಬೆಳಿಗ್ಗೆ ಅವನಿಗೆ ಸಿರಪ್ ಕುಡಿಸಿ, ಮಂಪರು ತುಸು ತೆಳುವಾಗಿಸಿ ಕರೆತಂದಳು. ರಾಚಪ್ಪ ಕೇಂದ್ರದ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಕಂಡವರಿಗೆಲ್ಲ ಕೈಮುಗಿದ. ಹೆಂಡತಿಗೆ ಕುರ್ಚಿ ಒರೆಸಿ ಕೊಟ್ಟ.

ಸುಲಭಾ ಬಾಯಿ ಎದುರು ಕುಳಿತರು. "ರಾಚಪ್ಪ, ನಿಮಗ ಹೊಸಾ ಪ್ಲೇಟ್ ಕೂಡಸ್ತೀವಿ. ಒಮ್ಮೆ ಕೂಡಿಸಿದ ಮ್ಯಾಲೆ ಮಂಪರ ಅನ್ನೂದ ಇಲ್ಲ. ಸದಾ ಎಚ್ಚರ. ನಿಮಗ ಒಪ್ಪಿಗಿ ಐತೇನು?"

ರಾಚಪ್ಪ ತಲೆ ಅಲ್ಲಾಡಿಸಿದ. "ಬ್ಯಾಡ್ರಿ ಬಾಯಾರ."

"ಯಾಕ?"

"ಒಳಗ ಒಬ್ಬಾಂವ ಮಲಗ್ಯಾನ್ರಿ." ಎದೆ ಮುಟ್ಟಿಕೊಂಡ. ಬೆರಳು ಪಟಪಟ ಬಡಿದುಕೊಂಡವು. "ಅವನ್ನ ಎಬ್ಬಿಸಬ್ಯಾಡ್ರಿ. ಅಂವ ಎದ್ದಂದ್ರ ಈ ಯಕ್ಕನ್ನ ಹೊಡಿತಾನ. ಭಾಳ ಹೊಡಿತಾನ್ರಿ. ನಾ ನೋಡೀನಿ."

ಶ್ರೀಶೈಲ ತಲೆ ಕೆರೆದುಕೊಂಡ. "ಭ್ರಮಾ ಹಿಡದೈತ್ರಿ ಮೇಡಂ. ತನ್ನನ್ನ ಬ್ಯಾರೆಯಾಂವ ಅನಕೊಂಡಾನ."

ಕಾಶವ್ವ ಎದ್ದು ಹೋಗಿ ಬಾಯಿಯವರ ಕಾಲು ಹಿಡಿದಳು. ಶ್ರೀಶೈಲನನ್ನು ಹೊರಗೆ ಕಳಿಸಿ ಎಂದಳು. ಅವನು ಹೋದ ಮೇಲೆ ಬೆರಳಿನಿಂದ ಹಿಡಿದು ಹಿಟ್ಟಿನವರೆಗೆ ಎಲ್ಲವನ್ನೂ ಹೇಳಿದಳು. "ನಿಮ್ಮ ಪ್ಲೇಟ್ ಛಲೋ ಐತ್ರಿ, ನನ್ನ ಗಂಡನ ರಕ್ತನೂ ಛಲೋ ಐತ್ರಿ. ಝಟಕಾ ಕೊಟ್ಟದ್ದ ಹಿಟ್ಟಿಗೆ. ಆ ಗುಂಡಿ ಒಂದ ನನ್ನ ಕೈಯಾಗ ಬಿಡ್ರಿ, ಮತ್ತೇನೂ ಬ್ಯಾಡ. ಅಂವನ್ನ ಸಾಯಾಕ ಬಿಡೂದಿಲ್ಲ. ನಿಮ್ಮ ಪಾದದಾಣಿ."

ಸುಲಭಾ ಬಾಯಿಯ ಮುಖ ಸುಣ್ಣವಾಯಿತು. ಕಾಶವ್ವನ ಕಷ್ಟಕ್ಕೆ ಸುಣ್ಣವಾಯಿತೋ, ಹಿಟ್ಟಿಗೆ ಬಿದ್ದ ಚಪ್ಪಾಳೆ ನೆನಪಾಗಿ ಸುಣ್ಣವಾಯಿತೋ, ಆ ಹೊತ್ತಿಗೆ ಕಾಶವ್ವನಿಗೆ ತಿಳಿಯಲಿಲ್ಲ.

"ದ್ಯಾಮವ್ವನ ಗಂಡಂದೂ ಹಿಟ್ಟ ಏನು?" ಬಾಯಿಯವರು ಮೆಲ್ಲಗೆ ಕೇಳಿದರು.

ಕಾಶವ್ವ ಹೌದೆಂದು ತಲೆಯಾಡಿಸಿದಳು.

"ಹಂಗಾದ್ರ ಈ ಮಾತ ಈ ಖೋಲಿ ದಾಟಬಾರದು. ದಾಟಿತು ಅಂದ್ರ ಪೊಲೀಸರು ನಿಮ್ಮ ಓಣಿಗೆ ಬರ್ತಾರ. ದ್ಯಾಮವ್ವನ್ನ ಒಯ್ತಾರ, ನಿನ್ನ ಒಯ್ತಾರ, ಎಲ್ಲಾರನ್ನೂ ಒಯ್ತಾರ. ತಿಳೀತಿಲ್ಲೋ?"

"ತಿಳೀತ್ರಿ. ನಾ ಯಾರ ಮುಂದೂ ಬಾಯಿ ಬಿಡೂದಿಲ್ಲ. ಹೊಸಾ ಪ್ಲೇಟ್ ಬ್ಯಾಡಂತ ಅಂವನ ಹೇಳಿದನಲ್ರಿ? ನಿಮ್ಮ ಕಿವಿಯಾರೆ ಕೇಳೀರಿ."

"ಮಂಪರದಾಗಿನ ಮಾತು ಕಾಯ್ದೇದಾಗ ನಡೆಯೂದಿಲ್ಲ ಕಾಶವ್ವ. ಎಚ್ಚರಿದ್ದಾಂವ ಹೇಳಿದ್ರ ಅಷ್ಟ ಮಾತು."

"ಎಚ್ಚರಿದ್ದಾಂವ ಏನ್ ಹೇಳ್ತಾನ ಅಂತ ನಿಮಗ ಗೊತ್ತಿಲ್ಲೇನ್ರಿ? ನೀವೂ ಹೆಣ್ಣಮಗಳು."

ಬಾಯಿಯವರು ಕನ್ನಡಕ ತೆಗೆದು ಒರೆಸಿಕೊಂಡರು. "ನಾ ಡಾಕ್ಟರ್. ಜಡ್ಡ ವಾಸಿ ಮಾಡೂದ ನನ್ನ ಕೆಲಸ. ಗಂಡನ್ನ ಆರಿಸಿ ಕೊಡೂದಲ್ಲ." ಮೇಜಿನಿಂದ ಯಂತ್ರ ತೆಗೆದುಕೊಂಡು ರಾಚಪ್ಪನ ಎದೆಗೆ ಒತ್ತಿದರು.

ರಾಚಪ್ಪ ಕಾಶವ್ವನ ಕಡೆ ನೋಡಿ, "ಯಕ್ಕಾ, ಹೊರಗ ಓಡು," ಎಂದ.

ಹಸಿರು ದೀಪ ಹತ್ತಿತು.

ಪ್ಲೇಟ್ ಎದ್ದು, ರಕ್ತ ತಿಳಿಯಾಗಿ, ತಲೆ ತಿಳಿಯಾಗುವ ತನಕ ಎಲ್ಲರೂ ಕಾದರು. ಮತ್ತೆ ಒಳಗೆ ಬಂದ ಶ್ರೀಶೈಲ ಚಹಾ ತರಿಸಿದ. ರಾಚಪ್ಪನ ಬೆರಳುಗಳ ಬಡಿತ ನಿಂತಿತು. ಬಾಗಿದ ಬೆನ್ನು ನೆಟ್ಟಗಾಯಿತು. ಕಾಶವ್ವ ನೋಡುತ್ತಿದ್ದಂತೆಯೇ ಅವಳ ಪರಿಚಯದ ಹುಬ್ಬು ಗಂಟಿಕ್ಕಿಕೊಂಡಿತು. ಅವನು ಕಾಲು ಚಾಚಿ, ಬಾಗಿಲ ಕಡೆ ನೋಡಿ, "ನನ್ನ ಚಪ್ಪಲಿ ಯಾಂವ ಹೊರಗಿಟ್ಟಾನ?" ಎಂದ.

ಬಾಯಿಯವರು ಪರೀಕ್ಷೆ ಶುರು ಮಾಡಿದರು. ಇವತ್ತು ಯಾವ ವಾರ? ಹೇಳಿದ. ಯಾವ ಊರು? ಹೇಳಿದ. ಒಂದು ಖಣಕ್ಕೆ ಎಷ್ಟು ಎಳೆ? ತಡವರಿಸದೆ ಹೇಳಿದ. ಶ್ರೀಶೈಲ ಹಿಗ್ಗಿ ಹೀರೇಕಾಯಿಯಾದ.

"ಈಕಿ ಯಾರು?"

ರಾಚಪ್ಪ ಕಾಶವ್ವನನ್ನು ಮೇಲಿಂದ ಕೆಳಗೆ ನೋಡಿದ. ಬೆಳಿಗ್ಗೆ ಕುಡಿದ ಸಿರಪ್ಪಿನಿಂದ ಮಂಪರು ತೆಳ್ಳಗಿತ್ತಲ್ಲ, ಅದರಲ್ಲಿ ಕೇಳಿದ ಮಾತೆಲ್ಲ ಈ ಸಲ ತಲೆಯಲ್ಲೇ ಉಳಿದಿತ್ತು.

"ನನ್ನ ಹೇಣ್ತಿ," ಎಂದ. "ನನ್ನ ಪಾಲಿನ ಕರೆಂಟ್ ಹಿಟ್ಟಿಗೆ ಹಾಕಿದಾಕಿ."

"ಏನಂದ್ರಿ?" ಎಂದು ಶ್ರೀಶೈಲ ಕೇಳಿದ.

"ಏನಿಲ್ಲ," ಎಂದರು ಸುಲಭಾ ಬಾಯಿ. "ರಾಚಪ್ಪ, ಹೊಸಾ ಪ್ಲೇಟಿಗೆ ಒಪ್ಪಿಗಿ ಐತೋ ಇಲ್ಲೋ?"

"ಈಗಿಂದೀಗ ಕೂಡಸ್ರಿ."

ಕೂಡಿಸಿದರು. ಗಾಯ ಮಾಯ್ದ ಮೇಲೆ ಹಾರ ಹಾಕಿ, ಇಬ್ಬರನ್ನೂ ನಿಲ್ಲಿಸಿ ಫೋಟೋ ತೆಗೆದು ಮನೆಗೆ ಕಳಿಸಿದರು. ಆಟೋದಲ್ಲಿ ರಾಚಪ್ಪ ಅವಳ ಮುಂಗೈ ಹಿಡಿದುಕೊಂಡೇ ಬಂದ. ನೋಡಿದವರು, ಎಷ್ಟು ಪ್ರೀತಿ ನೋಡು ಎಂದರು.

"ಹೆದರಬ್ಯಾಡ," ಎಂದ ಅವನು. "ಇವತ್ತ ಏನೂ ಮಾಡೂದಿಲ್ಲ. ಸಂಜಿಕ ಡಾಕ್ಟರ್ ಮಂದಿ ನೋಡಾಕ ಬರ್ತಾರಂತ. ನಾಳೆ ಯಾರೂ ಬರೂದಿಲ್ಲ."

ಹೊಸ ಪ್ಲೇಟ್ ಒಂದು ಗಳಿಗೆಯೂ ಮಲಗಲಿಲ್ಲ. ಸುಲಭಾ ಬಾಯಿಗೆ ದೊಡ್ಡ ಬಿರುದು ಬಂತು, ಅವರು ದೊಡ್ಡ ಊರಿನ ದೊಡ್ಡ ಲ್ಯಾಬಿಗೆ ಹೋದರು. ಓಣಿಯ ಗಂಡಸರಿಗೆಲ್ಲ ಸರದಿಯ ಮೇಲೆ ಹೊಸ ಪ್ಲೇಟ್ ಬಿತ್ತು. ಇಮಾಂಬಿಯ ಮೌಲಾಲಿಗೂ ಬಿತ್ತು. ಹೆಂಗಸರು ನಳದ ಕಟ್ಟೆಗೆ ಈಗಲೂ ಬರುತ್ತಾರೆ. ತಲೆಯ ಮೇಲೆ ಸೆರಗು ಹಣೆಯ ತನಕ ಎಳೆದುಕೊಂಡು ನೀರು ತುಂಬಿಕೊಂಡು ಹೋಗುತ್ತಾರೆ.

ತಿಂಗಳ ತಪಾಸಣೆಗೆ ಗಂಡನ ಜೊತೆ ಹೋದಾಗ ಕಾಶವ್ವ ಕಂಟ್ರೋಲ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಶ್ರೀಶೈಲ ಅವಳನ್ನು ನೋಡಿ ಸಂಭ್ರಮದಿಂದ ಒಳಗೆ ಕರೆದ. ಅವಳ ಎಡಗೈ ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿತ್ತು. ಬಿದ್ದಿರಿ ಏನು ಎಂದು ಅವನೇ ಕೇಳಿ, ನೋಡಿಕೊಂಡು ನಡೆಯಿರಿ ಎಂದು ಅವನೇ ಹೇಳಿದ.

"ಬರ್ರಿ ಅವ್ವಾರ, ನಿಮ್ಮ ಯಜಮಾನ್ರ ಗೆರಿ ನೋಡ್ರಿ. ಇಡೀ ಗ್ವಾಡಿ ಮ್ಯಾಲ ಇಂಥಾ ಗೆರಿ ಇನ್ನೊಂದಿಲ್ಲ." ಪರದೆಯ ಮೇಲೆ ಗೆರೆ ಬಿಗಿದ ಹಾಸಿನ ಎಳೆಯ ಹಾಗೆ ನೆಟ್ಟಗೆ ಹೋಗುತ್ತಿತ್ತು. ಅಲ್ಲಲ್ಲಿ ಮಾತ್ರ ಗುಡ್ಡದ ಹಾಗೆ ಮೇಲೆದ್ದಿತ್ತು. ಅವನು ಒಂದೊಂದು ಗುಡ್ಡವನ್ನೂ ಬೆರಳಿಟ್ಟು ತೋರಿಸಿದ. "ಇದು ಸೋಮವಾರ ಸಂಜಿಕ. ಇದು ಮಂಗಳವಾರ. ಇದು ಬುಧವಾರ, ಇದಂತೂ ಭಾರಿ ಐತಿ. ದಿನಾ ಸಂಜಿಕ ಎದಿ ಜೋರ ಬಡಕೊಂಡು ರಕ್ತ ಪ್ಲೇಟಿನ ಮ್ಯಾಲೆ ಜೋರ ಹರಿತೈತಿ, ಅಮೋನಿಯಾ ಎಲ್ಲಾ ಸ್ವಚ್ಛ ಸುಟ್ಟಹೋಗತೈತಿ. ಆ ಹೊತ್ತಿನ್ಯಾಗ ಏನ್ ಮಾಡ್ತಾರವ್ವಾ ಅವ್ರು? ವ್ಯಾಯಾಮಾ?"

ಕಾಶವ್ವ ಬುಧವಾರದ ಗುಡ್ಡವನ್ನು ನೋಡಿದಳು. ಹೊರಗಿನ ಬೆಂಚಿನ ಮೇಲೆ ರಾಚಪ್ಪ ಕೆಮ್ಮಿದ.

"ಹೌದಪಾ," ಎಂದಳು. "ವ್ಯಾಯಾಮ."

"ದಿನಾ ತಪ್ಪಸಬ್ಯಾಡ್ರಿ ಅಂತ ಹೇಳ್ರಿ," ಎಂದ ಶ್ರೀಶೈಲ. "ಪ್ಲೇಟಿಗೆ ಭಾಳ ಛಲೋ."